ಬಟ್ಟೆಯ ಬೆನ್ನು

“ಅಯ್ಯೋ, ಹಿಂಬದಿ ಹಾಕಿಬಿಟ್ಟಿದ್ದೀಯಲ್ಲೇ!” ಕಸೂತಿ ಹಾಕುವ ಅಕ್ಕ ತಂಗಿಯ ಕೈಯಿಂದ ಮೊಬೈಲ್ ಕಿತ್ತುಕೊಂಡಳು. ಚಂದ್ರನನ್ನು ನುಂಗುವ ಮೀನಿನ ಚಿತ್ತಾರವನ್ನು ಬಟ್ಟೆಯ ಮೇಲೆ ಮೂರು ತಿಂಗಳು ಕೂತು ಹೊಲಿದಿದ್ದಳು. ಈಗ ಆ ಬಟ್ಟೆಯ ಬೆನ್ನು ಫೇಸ್‌ಬುಕ್ಕಿನಲ್ಲಿ ಜಗಜ್ಜಾಹೀರಾಗಿತ್ತು.

“ಎರಡೂ ಕಡೆ ಅಷ್ಟೇ ಚೆನ್ನಾಗಿದ್ರೆ ನಂಗೇನಕ್ಕಾ ಗೊತ್ತಾಗುತ್ತೆ?” ತಂಗಿ ಮುಖ ಊದಿಸಿದಳು. ಹಿಂದೆ ಗಂಟು ಹಾಕದೆ ದಾರದ ತುದಿಯನ್ನು ಹೊಲಿಗೆಯೊಳಗೇ ಬಚ್ಚಿಡಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ. ಆದರೆ ಬೆನ್ನನ್ನು ನೋಡುವವರು ಯಾರು? ನಿನ್ನೆ ತಾನೇ ಮಾರಲು ಒಯ್ದಾಗ ಅಂಗಡಿಯವನು ಮುಂಬದಿಯನ್ನಷ್ಟೇ ನೋಡಿ, “ಇದು ಮೆಷಿನ್ ಕೆಲಸ, ಕೈಕೆಲಸ ಅಂತ ಕಿವಿಗೆ ಹೂವು ಇಡಬೇಡಿ” ಎಂದು ಮೂಗು ಮುರಿದಿದ್ದ.

ಚಿತ್ರ ಅಳಿಸಲು ಹೆಬ್ಬೆರಳು ಇಳಿಯುವಷ್ಟರಲ್ಲಿ ಕೆಳಗೊಂದು ಸಾಲು ಮೂಡಿತು. ಯಾರೋ ಮುಖ ಕಂಡರಿಯದ ಹೊಲಿಗೆ ಟೀಚರ್ ಬರೆದಿದ್ದರು: “ಹಿಂದೆ ಒಂದೂ ಗಂಟಿಲ್ಲ! ಯಾವ ಮೆಷಿನ್ನೂ ಹೀಗೆ ಹೊಲಿಯಲ್ಲ. ಯಾರ ಕೈಯಮ್ಮಾ ಇದು? ನಮಗೂ ಹೇಳಿಕೊಡ್ತೀರಾ?” ಅದರ ಬೆನ್ನಿಗೇ “ನಮಗೂ”, “ನಮಗೂ” ಎಂದು ಹತ್ತಾರು ಮಂದಿ.

ಅಕ್ಕ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡಳು, ಮೂರನೆಯ ಸಲ ಗಟ್ಟಿಯಾಗಿ ಓದಿದಳು. ಆಮೇಲೆ ಪೆಟ್ಟಿಗೆಯಲ್ಲಿದ್ದ ಹನ್ನೊಂದು ಬಟ್ಟೆಗಳನ್ನೂ ಹೊರಗೆಳೆದು, ಮಂಚದ ತುಂಬ ಮಗುಚಿ ಹಾಸುತ್ತ ಕೂಗಿದಳು: “ಬಾಯಿ ಬಿಟ್ಕೊಂಡು ಏನೇ ನೋಡ್ತೀಯಾ? ಬೇಗ ಬಾ, ಎಲ್ಲದರದ್ದೂ ಬೆನ್ನಿಂದೇ ಫೋಟೋ ತೆಗಿ!”