ಸುಳಿ ಕೆಂಪಾದ ಅನಾನಸ್ ಗಿಡ

ಅನಾನಸ್ ಹೆಚ್ಚುವ ವಾಸನೆ ಬಂದರೆ ಈಗಲೂ ನನಗೆ ವಡೋದರಾ ಬಿಟ್ಟ ಮಧ್ಯಾಹ್ನ ನೆನಪಾಗುತ್ತದೆ. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಸೂರತ್‌ಗೆ ವರ್ಗವಾಗಿತ್ತು. ಸಾಮಾನೆಲ್ಲ ಲಾರಿ ಏರಿತ್ತು. ಬಾಲ್ಕನಿಯಲ್ಲಿ ಉಳಿದಿದ್ದು ಅಮ್ಮ ಹಣ್ಣಿನ ಜುಟ್ಟನ್ನು ಹಳೇ ಬಕೆಟ್ಟಿನಲ್ಲಿ ನೆಟ್ಟು ಬೆಳೆಸಿದ್ದ ಅನಾನಸ್ ಗಿಡ ಮಾತ್ರ. ಆ ವಾರವಷ್ಟೇ ಅದರ ಸುಳಿ ಕೆಂಪಾಗಿ, ಪುಟ್ಟ ಕಾಯಿ ಇಣುಕಿತ್ತು.

“ಪಕ್ಕದ ಮನೆ ಹಂಸಾಬೆನ್‌ಗೆ ಕೊಟ್ಟುಬಿಡು. ಸೂರತ್‌ನಲ್ಲಿ ಹೊಸದು ನೆಟ್ಟರಾಯಿತು,” ಎಂದರು ಅಪ್ಪ.

ಯಾವ ವರ್ಗಕ್ಕೂ ಎದುರಾಡದ ಅಮ್ಮ ಬಕೆಟ್ಟಿನ ಹಿಡಿ ಬಿಡಲಿಲ್ಲ. “ಪ್ರತಿ ಊರಲ್ಲೂ ನೆಟ್ಟೆ. ಹಣ್ಣು ಬರೋ ಹೊತ್ತಿಗೆ ನಾವೇ ಇರಲ್ಲ. ಇದನ್ನ ಬಿಟ್ಟು ನಾನು ಬರಲ್ಲ ರೀ,” ಎಂದಳು.

ಅಪ್ಪ ಬಕೆಟ್ ಎತ್ತಿಕೊಂಡು ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಗರಗಸದಂಥ ಎಲೆಯಂಚು ಕೈಯೆಲ್ಲ ಗೀರಿದರೂ ಸೂರತ್‌ ಬರುವವರೆಗೆ ಅದನ್ನು ತೊಡೆಯಿಂದ ಇಳಿಸಲಿಲ್ಲ.