ಅಕ್ಕ ಆರಿಸಿದ ಹೋಟೆಲು

"ಅಕ್ಕ, ನೀವೇ ಹೇಳ್ಬುಡಿ. ಇವೆರಡರಲ್ಲಿ ಯಾವುದು?"

ಸುಮಿತ್ರಮ್ಮ ತನ್ನ ಫೋನನ್ನು ಮಂಗಳಮ್ಮನ ಮೂಗಿನ ಕೆಳಗೆ ಹಿಡಿದಳು. ಆಗ ಮಂಗಳಮ್ಮನ ಹೊಟ್ಟೆಯಲ್ಲಿ ಎದ್ದ ಉರಿಗೆ ಇಡೀ ಕುವೆಂಪುನಗರದ ಅನ್ನ ಬೇಯಿಸಿ, ಉಳಿದ ಕೆಂಡದಲ್ಲಿ ಹಪ್ಪಳ ಸುಡಬಹುದಿತ್ತು. ವಾರಗಿತ್ತಿ ಸಿಂಗಪುರಕ್ಕೆ ಹೊರಟಿದ್ದಾಳೆ. ಹೋಗಲಿ, ಹಾಳಾಗಲಿ ಅನ್ನೋಣವೆಂದರೆ, ಹೋಟೆಲು ಆರಿಸಿಕೊಡಿ ಎಂದು ವಿಜಯನಗರದಿಂದ ಸ್ಕೂಟರು ಹತ್ತಿ, ಮೈಸೂರುಪಾಕಿನ ಪೊಟ್ಟಣ ಹಿಡಿದು ತನ್ನ ಸೋಫಾದಲ್ಲೇ ಬಂದು ಕೂತಿದ್ದಾಳೆ.

ಮಂಗಳಮ್ಮನ ಹತ್ತಿರವೂ ಪಾಸ್‌ಪೋರ್ಟು ಇತ್ತು. ಮಾನಸ ಸರೋವರಕ್ಕೆಂದು ಮಾಡಿಸಿದ್ದು. ಆ ಯಾತ್ರೆಯನ್ನು ಮಂಡಿನೋವು ನುಂಗಿತು. ಅಂದಿನಿಂದ ಅದು ಬೀರುವಿನಲ್ಲಿ ರೇಷ್ಮೆ ಸೀರೆಗಳಡಿ ನುಸಿಗುಳಿಗೆಯ ವಾಸನೆ ಕುಡಿದು ಮಲಗಿದೆ. ಒಂದು ಸೀಲೂ ಬಿದ್ದಿಲ್ಲ.

ಅಣ್ಣತಮ್ಮಂದಿರನ್ನು ಮದುವೆಯಾಗಿ ಇಬ್ಬರೂ ಒಂದೇ ಹಳ್ಳಿಯ ಹೊಲದ ಮನೆಯಿಂದ ಮೈಸೂರು ಸೇರಿದವರು. ಮಂಗಳಮ್ಮ ಹಿರಿಯಳು, ಜಾಣೆ. ಲಕ್ಷ್ಮಿ ಮಾತ್ರ ಕಿರಿಯಳ ಹೊಸ್ತಿಲಲ್ಲೇ ಚಾಪೆ ಹಾಸಿಕೊಂಡು ಬಿದ್ದಿದ್ದಳು. ಯಾಕೆ ಎಂಬುದು ಮಂಗಳಮ್ಮನಿಗೆ ಬಿಡಿಸಲಾಗದ ಕಗ್ಗಂಟು. ಯಾಕೆಂದರೆ ಸುಮಿತ್ರ ಶುದ್ಧ ಪೆದ್ದಿ. ಸ್ವಂತ ಬುದ್ಧಿ ಸಾಸಿವೆಯಷ್ಟೂ ಇಲ್ಲ. ಒಗ್ಗರಣೆಗೆ ಕರಿಬೇವು ಹಾಕಲೇ ಎಂದೂ ಅಕ್ಕನನ್ನೇ ಕೇಳುವವಳು.

ಸೈಟು ನೋಡಿದಾಗಲೂ ಕೇಳಿದ್ದಳು. "ವಿಜಯನಗರವೇ? ಅಲ್ಲಿ ಹಗಲೊತ್ತೇ ನರಿ ಊಳಿಡ್ತವೆ ಕಣೆ" ಎಂದಿದ್ದಳು ಮಂಗಳಮ್ಮ. ಅವಳ ಗಂಡ ಲಿಂಗರಾಜು ಹಟ ಹಿಡಿದಿರಬೇಕು, ಅದನ್ನೇ ಕೊಂಡರು. ಈಗ ಅಲ್ಲಿರುವ ಸುಮಿತ್ರಳ ಮನೆಯ ತುದಿ ನೋಡಲು ಹೋದರೆ ಕತ್ತು ಉಳುಕುತ್ತದೆ. ಮಗಳು ಸಿಂಚನಳಿಗೆ ಗಂಡು ಬಂದಾಗಲೂ ಕೇಳಿದ್ದಳು. "ಆ ಹುಡುಗನ ಮೂಗು ನೋಡು, ಕುಡುಕನ ಮೂಗು" ಎಂದಿದ್ದಳು ಮಂಗಳಮ್ಮ. ಋಣಾನುಬಂಧ, ಯಾರು ತಪ್ಪಿಸುತ್ತಾರೆ. ಆ ಅಳಿಯ ಈಗ ಅತ್ತೆಗೆ ವಾರವಾರ ಮಲ್ಲಿಗೆ ದಂಡೆ ತಂದುಕೊಡುತ್ತಾನೆ. ಆ ದಂಡೆಯ ಘಮ ವಿಜಯನಗರದಿಂದ ಕುವೆಂಪುನಗರದವರೆಗೆ ಬಂದು ಮಂಗಳಮ್ಮನ ನಿದ್ದೆ ಕೆಡಿಸುತ್ತದೆ.

ಈ ಸಲ ತಪ್ಪಿಸಿಕೊಳ್ಳಲು ಬಿಡಬಾರದು. ಮಂಗಳಮ್ಮ ಕನ್ನಡಕ ಏರಿಸಿದಳು.

ಮೊದಲನೆಯ ಹೋಟೆಲಿನಲ್ಲಿ ಗೋಡೆಯಗಲ ಕಿಟಕಿ. ಆಚೆ ಇಡೀ ಸಿಂಗಪುರ. ಚಹಾ ಕಾಯಿಸಲು ಕೆಟಲು, ಬಚ್ಚಲಲ್ಲಿ ನಮ್ಮವರಿಗೆ ಬೇಕಾದ ನೀರಿನ ಪೈಪು, ಕೆಳಗಿಳಿದರೆ ಇಡ್ಲಿ ಅಂಗಡಿ. ಎರಡನೆಯದರಲ್ಲಿ ರೂಮೇ ಇಲ್ಲ. ಗೋಡೆಗೆ ಕೊರೆದ ಗೂಡುಗಳು, ಒಂದರ ಮೇಲೊಂದು. ಏಣಿ ಹತ್ತಿ ತೆವಳಿ ಒಳಹೋಗಿ ಪರದೆ ಎಳೆದುಕೊಳ್ಳಬೇಕು. ಬಚ್ಚಲು ಊರಿಗೆಲ್ಲ ಒಂದೇ, ಅಲ್ಲಿ ನೀರಿಲ್ಲ, ಕಾಗದ.

ಮಂಗಳಮ್ಮನ ಮುಖ ಅರಳಿತು.

"ಈ ಕಿಟಕಿಯದು ಬೇಡ ಕಣೆ. ಬಿಸಿಲು ಹೊಡೆದು ತಲೆ ಸಿಡೀತದೆ. ಇಡ್ಲಿ ತಿನ್ನೋಕೆ ಯಾರಾದ್ರೂ ವಿಮಾನ ಹತ್ತುತಾರಾ? ಪುಕ್ಕಟೆ ಕೊಟ್ರೂ ನಾನಂತೂ ಅಲ್ಲಿ ಕಾಲಿಡಲ್ಲ."

"ಇನ್ನೊಂದು?"

"ಅಯ್ಯೋ, ಎಷ್ಟು ಬೆಚ್ಚಗದೆ ನೋಡು, ಗುಬ್ಬಚ್ಚಿ ಗೂಡು ಇದ್ದಂಗೆ. ಏಣಿ ಹತ್ತಿಳಿದ್ರೆ ಶುಗರ್ರು ಓಡೋಗ್ತದೆ. ನಾನೇನಾದ್ರೂ ಹೋಗೋದಾಗಿದ್ರೆ ಕಣ್ಮುಚ್ಕೊಂಡು ಇದನ್ನೇ ಬುಕ್ ಮಾಡಿಸ್ತಿದ್ದೆ."

"ನಿಜವಾಗ್ಲೂ ಅಕ್ಕ? ನಿಮಗೇ ಆದ್ರೂ ಇದೇನಾ?"

"ಚಾಮುಂಡಿಯಾಣೆ."

ಬೆಟ್ಟದ ಮೇಲೆ ತಾಯಿ ಹುಬ್ಬೇರಿಸಿರಬೇಕು. ಸುಮಿತ್ರಮ್ಮ ಮಾತ್ರ ಹಸುವಿನಂತೆ ತಲೆಯಾಡಿಸಿದಳು. "ನಿಮ್ಮ ಸಲಹೆಯಿಂದ ನನಗೆ ಯಾವತ್ತೂ ಕೆಟ್ಟದ್ದಾಗಿಲ್ಲ ಅಕ್ಕ. ಅದಕ್ಕೇ ನಿಮ್ಮನ್ನ ಕೇಳ್ದೆ ನಾನು ಒಂದು ಹುಲ್ಲುಕಡ್ಡೀನೂ ಎತ್ತಲ್ಲ."

ಆಮೇಲಿನ ದಿನಗಳಲ್ಲಿ ಮಂಗಳಮ್ಮ ಕಂಡ ಸುಖ ಸ್ವರ್ಗದಲ್ಲೂ ಸಿಗದು. ಕಣ್ಣು ಮುಚ್ಚಿದರೆ ಸಾಕು, ಸುಮಿತ್ರ ಏಣಿಯಲ್ಲಿ ಬಾವಲಿಯಂತೆ ಜೋತಾಡುತ್ತಾಳೆ. ರೇಷ್ಮೆ ಸೀರೆ ಮೊಣಕಾಲಿಗೆ ಸುತ್ತಿಕೊಂಡು ಕಾಗದ ಹುಡುಕುತ್ತಾಳೆ.

"ಏನ್ ಸಮಾಚಾರ, ಮುದ್ದೆ ಎರಡೆರಡು ಇಳೀತಾವಲ್ಲ?" ಎಂದರು ಗಂಡ ನಿಂಗಯ್ಯನವರು.

"ಹಸಿವಾದ್ರೂ ತಪ್ಪಾ?" ಎಂದಳು ಮಂಗಳಮ್ಮ.

ಅವಳ ಅರವತ್ತನೇ ಹುಟ್ಟುಹಬ್ಬ ಬಂತು. ಸುಮಿತ್ರಮ್ಮ, ಸಿಂಚನ ಕೇಕು ಹಿಡಿದು ಒಟ್ಟಿಗೇ ಬಂದರು. ಮಗ ಅಭಿಲಾಷ್ ಅಮ್ಮನ ಕೈಗೆ ಒಂದು ಲಕೋಟೆ ಕೊಟ್ಟ. ಒಳಗೆ ವಿಮಾನದ ಟಿಕೆಟು, ಅದರ ಮೇಲೆ ಮಂಗಳಮ್ಮನದೇ ಹೆಸರು.

"ಚಿಕ್ಕಮ್ಮನ ಜೊತೆ ನೀನೂ ಸಿಂಗಪುರಕ್ಕೆ ಹೋಗ್ತಿದ್ದೀಯ ಕಣಮ್ಮ. ಚಿಕ್ಕಮ್ಮಂದೇ ಐಡಿಯಾ. ನಿನಗೆ ಗೊತ್ತಾಗಬಾರ್ದು ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ವಿ."

ಕಾವೇರಿಯೇ ಮೈಮೇಲೆ ಹರಿದಂತಾಯಿತು ಮಂಗಳಮ್ಮನಿಗೆ. ಇಷ್ಟು ಕಾಲದ ಉರಿ ಚುಸ್ಸೆಂದು ಆರಿಹೋಯಿತು. ಎಂಥ ಹೆಣ್ಣು ಈ ಸುಮಿತ್ರ, ಇವಳ ಮೇಲೆ ತಾನು ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ಕಣ್ಣೊರೆಸಿಕೊಳ್ಳಲು ಸೆರಗೆತ್ತಿದವಳು ಅರ್ಧಕ್ಕೇ ನಿಂತಳು.

"ಹೋಟೆಲು?"

"ನೀವೇ ಆಣೆ ಹಾಕಿ ಹೇಳಿದ್ರಂತಲ್ಲ ದೊಡ್ಡಮ್ಮ, ಅದೇ" ಎಂದಳು ಸಿಂಚನ. "ನಿಮ್ಮ ಅದೃಷ್ಟ, ಮೇಲಿನ ಗೂಡೇ ಸಿಕ್ತು. ಇನ್ನು ಕ್ಯಾನ್ಸಲ್ ಆಗಲ್ಲ."

ಮಂಗಳಮ್ಮನ ಮಂಡಿಗಳೆರಡೂ ಒಟ್ಟಿಗೇ ಕಟಕಟ ಎಂದವು. ಹೋಗಲಿ, ನರಕಕ್ಕೆ ಜೊತೆಯಾದರೂ ಇದೆಯಲ್ಲ.

"ಹಂಗಾದ್ರೆ ನೀನು ಕೆಳಗಿನ ಗೂಡಲ್ಲೇನೆ, ಸುಮಿತ್ರ?"

ಸುಮಿತ್ರಮ್ಮ ಮೈಸೂರುಪಾಕು ಮುರಿದು, ದೊಡ್ಡ ತುಂಡನ್ನು ಪ್ರೀತಿಯಿಂದ ಅಕ್ಕನ ಬಾಯಿಗಿಟ್ಟಳು.

"ಇಲ್ಲ ಅಕ್ಕ, ನನಗೆ ಆ ಕಿಟಕಿ ಹೋಟೆಲು. ಸೈಟಿಂದ ಹಿಡಿದು ಅಳಿಯನ ತನಕ, ನೀವು ಬೇಡ ಅಂದದ್ದನ್ನೇ ಅಲ್ವಾ ನಾನು ಯಾವಾಗ್ಲೂ ತಗೊಂಡಿರೋದು?"