ಜರ್ಮನಿ ತಗಡು

"ಅಲ್ಲಿ ನಿಂತು ಉಸರ ಬಿಡಬ್ಯಾಡ. ಬಣ್ಣ ಹಸಿ ಐತಿ," ಎಂದ ಸಿದ್ರಾಮಪ್ಪ. ಮೂಗಿಗೆ ಹೆಂಡತಿಯ ಹಳೇ ಕುಪ್ಪಸದ ತುಂಡು ಕಟ್ಟಿಕೊಂಡು, ಸ್ಪ್ರೇ ಗನ್ ಹಿಡಿದು, ದೇವರಿಗೆ ಧೂಪ ಹಾಕುವವನಂತೆ ಮೋಟಾರು ಕಾರಿನ ಸುತ್ತ ಸುತ್ತುತ್ತಿದ್ದ. ದಸರೆಯ ಮುಂಜಾನೆ ಕೊನೆಯ ಕೋಟು ಬಿದ್ದು, ಬಂದರದ ಮೇಲಿನ ಗುಡ್ಡದ ಸಡಾದ ಆ ಓಣಿಯಲ್ಲಿ ಅವನ ಜರ್ಮನ್ ಮೋಟಾರು ಹಾಲಿನಂತೆ ಬೆಳ್ಳಗೆ ನಿಂತಿತ್ತು. ಇಳಕಲ್ ಸೀರೆ ಉಟ್ಟು, ಸೆರಗಿನ ಚುಂಗಿಗೆ ಬನ್ನಿ ಎಲೆ ಕಟ್ಟಿಕೊಂಡು ಅನ್ನಪೂರ್ಣವ್ವ ಬಾಗಿಲಲ್ಲಿ ಉಸಿರು ಬಿಗಿಹಿಡಿದೇ ನಿಂತಿದ್ದಳು. ಬಣ್ಣದ ಚಿಂತೆಗಲ್ಲ. ಇವತ್ತಾದರೂ ತಂಗಿಯ ಮುಖ ನೋಡಬೇಕಿತ್ತು.

ನೋಡಿ ಮೂರು ದಸರೆಯಾಗಿತ್ತು. ಮಡಗಾಂವದಲ್ಲಿ ತಂಗಿಯ ಗಂಡ ಭರಮಪ್ಪ ಹೊಸ ಮಾರುತಿ ಕೊಂಡವನು, ಬನ್ನಿ ಕೊಡಲು ಬಂದಿದ್ದ ಷಡ್ಡಕನಿಗೆ "ಬರ್ರಿ, ಬಸ್‌ಸ್ಟ್ಯಾಂಡ್ ತನಕ ಬಿಡ್ತೀನಿ" ಎಂದದ್ದೇ ತಪ್ಪಾಯಿತು. "ಅಂಥಾ ಡಬ್ಬಿಯೊಳಗ ನಾ ಕುಂದ್ರಾಂವಲ್ಲ. ಇನ್ನ ಅವನ ಬಾಗಲಕ್ಕ ಬಂದ್ರ ಸ್ವಂತ ಮೋಟಾರಿನಾಗ. ನೀನೂ ಅಷ್ಟ," ಎಂದು ಸಿದ್ರಾಮಪ್ಪ ತಿರುಗಿ ಬರುವ ಬಸ್ಸಿನಲ್ಲೇ ಆಣೆ ಮಾಡಿದ. ತಾಸೆರಡು ತಾಸಿನ ದಾರಿ ಅವಳಿಗೆ ಕಾಶಿಯಷ್ಟು ದೂರವಾಯಿತು.

ಪೋರ್ಚುಗೀಸರು ಬಿಟ್ಟುಹೋದ, ಒಳಗೆ ಕೋಳಿ ಮರಿ ಮಾಡಿದ್ದ ತುಕ್ಕಿನ ಮೋಟಾರೊಂದನ್ನು ಕಿರಾಣಿ ಅಂಗಡಿಯ ಈ ಸಾವುಕಾರ ಎತ್ತಿನಿಂದ ಎಳೆಸಿಕೊಂಡು ಬಂದ. ಮೇಸ್ತ್ರಿಗೆ ಕೊಡಿ ಎಂದವರಿಗೆ, "ವೆಲ್ಡಿಂಗ್ ಅಂದ್ರ ಬೆಲ್ಲದ ಪಾಕ ಅಂಟಿಸಿದಂಗ. ಅದರಾಗೇನ ಕಲಿಯೂದೈತಿ?" ಎಂದ. ಅವನು ವೆಲ್ಡಿಂಗ್ ಕಡ್ಡಿ ಮುಟ್ಟಿಸಿದಾಗೆಲ್ಲ ಓಣಿಯ ದೀಪಗಳು ಕಣ್ಣು ಮುಚ್ಚಿದವು. ಮರುದಿನ ಅವನವೂ ಮುಚ್ಚಿದವು. ಕರಿ ಗಾಜು ಹಿಡಿಯದೆ ಕಿಡಿ ನೋಡಿದ ಆ ಕಣ್ಣಿಗೆ ಅನ್ನಪೂರ್ಣವ್ವ ಬಟಾಟೆ ಹೆರೆದು ಕಟ್ಟಿದಳು, ಉಳಿದದ್ದನ್ನು ಪಲ್ಯ ಮಾಡಿದಳು. ಬರಬರುತ್ತ ಬೆಸುಗೆ ಕೈಗೆ ಹತ್ತಿತು. ಎಷ್ಟು ಹತ್ತಿತೆಂದರೆ, ಡ್ರೈವರನ ಕಡೆಯ ಬಾಗಿಲು ಚೌಕಟ್ಟಿಗೇ ಬೆಸೆದುಹೋಗಿ, ಅವನು ಇನ್ನೊಂದು ಕಡೆಯಿಂದ ತೂರಿ ಕೂಡಬೇಕಾಯಿತು. "ಕಳ್ಳರ ಕಾಟ ಇಲ್ಲ," ಎಂದ. ಬಣ್ಣ ಹೊಡೆಯುವುದನ್ನು ಸೊಳ್ಳೆ ಔಷಧದ ಪಂಪಿನಿಂದ ಕಲಿತ. ಪಕ್ಕದ ಮನೆಯ ಭೀಮಿಬಾಯಿಯ ಕರೀ ಕೋಳಿ ಒಂದಿಡೀ ಮಳೆಗಾಲ ಬೆಳ್ಳಗೆ ಓಡಾಡಿಕೊಂಡಿತ್ತು.

ಈ ನಡುವೆ, ಜೋಳ ತುಂಬಲೆಂದು ಅನ್ನಪೂರ್ಣವ್ವ ಎತ್ತಿಟ್ಟಿದ್ದ ಖಾಲಿ ಎಣ್ಣೆ ಡಬ್ಬಿಗಳು ಒಂದೊಂದೇ ಕಾಣೆಯಾದವು.

"ಗುಜರಿಯಾಂವ ಒಯ್ದ," ಎಂದಿದ್ದ ಸಿದ್ರಾಮಪ್ಪ.

"ಮತ್ತ ಬಾನೆಟ್ಟಿಗೆ ತ್ಯಾಪಿ ಹಾಕೀರಲ್ಲ, ಆ ತಗಡ ಎಲ್ಲೀದ್ರಿ?"

"ಜರ್ಮನಿ ತಗಡು. ನಿನಗ ತಿಳಿಯೂದಲ್ಲ."

ಅಂದಿನಿಂದ ಅವಳು ಕೇಳುವುದನ್ನು ಬಿಟ್ಟಿದ್ದಳು. ಇವತ್ತು ಮಾತ್ರ, ಬಂದರದ ಕಡೆಗೊಮ್ಮೆ ನೋಡಿ, "ಇವತ್ತ ನಾ ಅರಿವಿ ಒಳಗ ಒಣಹಾಕೇನ್ರಿ," ಎಂದಳು.

"ನಾ ಏನ್ ಮಾಡಾಕತ್ತೇನಿ, ನೀ ಏನ್ ಮಾತಾಡಾಕತ್ತಿ?"

"ಅದಿರಿನ ಹಡಗ ಬಂದು ನಿಂತೈತಿ. ಗಾಳಿ ಈ ಕಡೆ ತಿರಗೇತಿ."

"ಇದೇನ ನಿನ್ನ ಒಗ್ಯಾಣ ಅಂತ ತಿಳದೇನ? ಪೇಂಟಿಂಗ ಇದು."

ಹಡಗಿಗೆ ಅದಿರು ಸುರಿಯತೊಡಗಿದರೆ ಸಡಾದ ಹೆಂಗಸರು ಹಗ್ಗದ ಮೇಲಿನ ಅರಿವೆ ಎಳೆದುಕೊಂಡು ಒಳಗೆ ಓಡುತ್ತಾರೆ. ಮೋಟಾರನ್ನು ಹಾಗೆ ಬಗಲಿಗೆ ಹಾಕಿಕೊಂಡು ಓಡುವುದು ಹೇಗೆ? ಗುಡ್ಡದ ಕೆಳಗಿನಿಂದ ಕೆಂಪು ಧೂಳು ಅವಸರವಿಲ್ಲದೆ ಎದ್ದು ಬಂತು, ಹಸಿ ಬಣ್ಣದ ಮೇಲೆ ಬೀಗರ ಮನೆಗೆ ಬಂದವರ ಹಾಗೆ ಆರಾಮಾಗಿ ಕೂತಿತು.

"ಮೋಟಾರಿಗೂ ಕುಂಕುಮ ಬಿತ್ತಲ್ರಿ ಸಾವುಕಾರ್ರ," ಎಂದಳು ಗೋಡೆಯಾಚೆಯಿಂದ ಭೀಮಿಬಾಯಿ. "ನನ್ನ ಕೋಳಿಗಿ ಹೊಡದಿದ್ದ ಬಣ್ಣ ಇದಕ್ಕಿಂತ ಚಲೋ ಇತ್ತು."

"ಒರಸಿದ್ರ ಹೋಗತೈತಿ," ಎಂದು ಸಿದ್ರಾಮಪ್ಪ ಧೋತರದ ಚುಂಗು ಹಿಡಿದು ಬಾನೆಟ್ಟು ತಿಕ್ಕಿದ. ಧೂಳು ಹೋಗಲಿಲ್ಲ, ಬಣ್ಣ ಹೋಯಿತು. ಎಣ್ಣೆಯ ಜಿಡ್ಡಿನ ಮೇಲೆ ಕೂತಿದ್ದ ಒಂದೊಂದು ಕೋಟೂ ಕಾಯಿಸಿದ ಹಾಲಿನ ಕೆನೆಯಂತೆ ಸುರುಳಿ ಸುತ್ತಿ ಕೈಗೆ ಬಂತು. ಕೆಳಗೆ ಮೊದಲು ಹಳದಿ ಕಂಡಿತು, ಆಮೇಲೆ ಒಂದು ದಪ್ಪ ಶೇಂಗಾಕಾಯಿಯ ಚಿತ್ರ, ಅದರ ಕೆಳಗೆ ದುಂಡಗಿನ ಕನ್ನಡ ಅಕ್ಷರ. ಅನ್ನಪೂರ್ಣವ್ವ ಹತ್ತಿರ ಬಂದು, ಬಗ್ಗಿ, ನಿಧಾನಕ್ಕೆ ಓದಿದಳು: "ಶುದ್ಧ ಶೇಂಗಾ ಎಣ್ಣೆ. ತಂಪಾದ ಜಾಗದಲ್ಲಿಡಿ."

ಸಿದ್ರಾಮಪ್ಪ ಎರಡೂ ಅಂಗೈಯಿಂದ ಶೇಂಗಾಕಾಯಿ ಮುಚ್ಚಿದ. "ಇನ್ನೊಂದ ಕೋಟ್ ಹೊಡದ್ರ ಆತು. ಮುಂದಿನ ದಸರಾಕ್ಕ ಖರೇನ ಹೋಗೂಣು."

ಅವಳು ಸೆರಗಿನ ಗಂಟು ಬಿಚ್ಚಿ ಒಂದು ಬನ್ನಿ ಎಲೆ ತೆಗೆದಳು. ಬಾನೆಟ್ಟಿನ ಮೇಲಿಂದ ಅವನ ಒಂದು ಕೈ ಬಿಡಿಸಿ, ಎಲೆಯಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ," ಎಂದು ಬಗ್ಗಿ ನಮಸ್ಕರಿಸಿದಳು. ಎಲೆ ಅವನ ಅಂಗೈಗೆ ಅಂಟಿಕೊಂಡಿತು. ಉಳಿದ ಎಲೆಗಳನ್ನು ಮತ್ತೆ ಗಂಟು ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಹೊಂಟಿ?"

"ತಂಗಿ ಮನಿಗೆ. ಬಸ್ಸಿಗೆ."

"ಮತ್ತ ನಾವು ಮಾಡಿದ ಆಣಿ?"

"ಆಣಿ ನೀವು ಮಾಡಿದ್ರಿ."

"ಇದನ್ನ ಏನ್ ಮಾಡ್ಲಿ?" ಅಂಗೈಯ ಎಲೆಯನ್ನು ಕೊಡವುತ್ತ ಕೇಳಿದ ಸಿದ್ರಾಮಪ್ಪ. ಎಲೆ ಬಿಡುತ್ತಿರಲಿಲ್ಲ, ಆದರೆ ಅವನು ಕೇಳಿದ್ದು ಮೋಟಾರಿನ ಮಾತು.

ಅನ್ನಪೂರ್ಣವ್ವ ಓಣಿಯ ತಿರುವಿನಲ್ಲಿ ನಿಂತು ಹೇಳಿದಳು: "ಬರದೈತಲ್ರಿ ಅದರ ಮ್ಯಾಲ. ತಂಪಾದ ಜಾಗಾದಾಗ ಇಡ್ರಿ."